ನೌಕೆಯ ಮುಂದಣ ಲೀಲೆ

ಸಮುದ್ರದಲ್ಲಿ ಸಂಚರಿಸುವ ನೌಕೆಯ ಸುಳಿವು ಸಿಕ್ಕಿದೊಡನೆ ಡಾಲ್ಫಿನ್ನುಗಳು ದೂರದಿಂದ ಧಾವಿಸಿ ಬಂದು ಅದರ ಮುಂಭಾಗದಲ್ಲಿ ಈಜಾಡುವ ಸಂಗತಿಯನ್ನು ನಾವಿಕರು ಬಹು ಪುರಾತನ ಕಾಲದಿಂದ ಬಲ್ಲರು. ಒಂದು ಪ್ರಾಣಿಯು ನೌಕೆಯ ಮೂತಿಯ ಕೆಳಗೆ, ಬಾಲವನ್ನು ಆಡಿಸಿದಂತೆಯೂ ತೋರದೆ, ಜಾರುತ್ತ ಬರುವುದು. ಇನ್ನೊಂದು ಪಕ್ಕಕ್ಕೆ ಹೊರಳಿ, ಒಂದು ಕಣ್ಣನ್ನು ಮೇಲಕ್ಕೆ ತಿರುಗಿಸಿ, ಕಟಕಟೆಯಿಂದ ಬಾಗಿರುವ ಮನುಷ್ಯರನ್ನು ದಿಟ್ಟಿಸುವುದು. ಮತ್ತೊಂದು ನೀರಿನಿಂದ ಮೇಲಕ್ಕೆ ಚಿಮ್ಮಿ, ಕ್ಷಣಕಾಲ ಬಿಸಿಲಿನಲ್ಲಿ ಹೊಳೆದು, ಪುನಃ ನೀರನ್ನು ಸೇರುವುದು. ಕೆಲವು ನಿಮಿಷಗಳ ಕಾಲ ಹೀಗೆ ನಡೆದ ಮೇಲೆ, ಯಾವ ಸೂಚನೆಯೂ ಇಲ್ಲದೆ, ಅವೆಲ್ಲವೂ ಒಟ್ಟಿಗೆ ಒಂದು ಪಕ್ಕಕ್ಕೆ ಸರಿದು ಕಣ್ಮರೆಯಾಗುವುವು. ಕರೆದವರಿಲ್ಲ, ಕಳುಹಿಸಿದವರೂ ಇಲ್ಲ.

ಇದನ್ನು ನೋಡುವ ಜನರ ಸ್ಥಿತಿಯು ಇನ್ನೂ ಗಮನಾರ್ಹವಾದುದು. ಲೆಕ್ಕಪತ್ರದಲ್ಲಿ ಮುಳುಗಿದ್ದ ವ್ಯಾಪಾರಿ, ಕಡಲ ಓಕರಿಕೆಯಿಂದ ಬಳಲಿ ಮಲಗಿದ್ದ ರೋಗಿ, ಊಟದ ವಿಷಯದಲ್ಲಿ ಜಗಳವಾಡುತ್ತಿದ್ದ ದಂಪತಿಗಳು, ಎಲ್ಲರೂ ಒಂದೇ ಕಡೆಗೆ ಓಡಿಬರುವರು. ಅಪರಿಚಿತರು ಒಬ್ಬರಿಗೊಬ್ಬರು ಬೆರಳು ಚಾಚಿ ತೋರಿಸುವರು. ಡಾಲ್ಫಿನ್ನುಗಳು ಹೊರಟುಹೋದ ಮೇಲೆಯೂ ಆ ಮುಖಗಳಲ್ಲಿ ಒಂದು ಪ್ರಸನ್ನತೆಯು ಬಹಳ ಹೊತ್ತು ನಿಂತಿರುವುದು. ಅವರಿಗೆ ದೊರೆತ ಲಾಭವಾದರೂ ಏನು? ಧನವಲ್ಲ, ಆಹಾರವಲ್ಲ, ಪ್ರಯಾಣವು ಬೇಗ ಮುಗಿದುದೂ ಅಲ್ಲ. ಆದುದರಿಂದ ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಈ ಸಂತೋಷದ ಮೂಲವು ಯಾವುದು? ಇದನ್ನು ಪಡೆದ ಮನುಷ್ಯನಿಗೆ, ಕೊಟ್ಟ ಪ್ರಾಣಿಯ ವಿಷಯದಲ್ಲಿ, ಏನಾದರೊಂದು ಋಣವು ಉಂಟೋ ಇಲ್ಲವೋ? ಎರಡನೆಯದು ಅತಿ ಸಣ್ಣ ಮಾತೆಂದು ಕೆಲವರಿಗೆ ತೋರಬಹುದು. ಆದರೆ ಗೃಹಸ್ಥನ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವನ್ನೂ ಸೇರಿಸಿದ ಈ ದೇಶದ ಹಿರಿಯರು ಅದನ್ನು ಸಣ್ಣದೆಂದು ಎಣಿಸಿರಲಾರರು.

ಮೊದಲು ಪೂರ್ವಪಕ್ಷವನ್ನು ಕೇಳೋಣವಾಗಲಿ. "ಇದು ಆಟವೇ ಅಲ್ಲ, ಇದು ಶ್ರಮದ ಉಳಿತಾಯ," ಎಂದು ಒಬ್ಬ ವಿಜ್ಞಾನಿಯು ಹೇಳಬಹುದು. ಚಲಿಸುವ ನೌಕೆಯು ತನ್ನ ಮುಂದಿನ ನೀರನ್ನು ತಳ್ಳುವುದರಿಂದ ಅಲ್ಲಿ ಒತ್ತಡದ ಒಂದು ಅಲೆಯು ಉಂಟಾಗುವುದು. ಆ ಒತ್ತಡದಲ್ಲಿ ದೇಹವನ್ನು ಸರಿಯಾದ ಕೋನದಲ್ಲಿ ಇರಿಸಿಕೊಂಡ ಡಾಲ್ಫಿನ್ನು ತಾನು ಈಜದೆಯೇ ಮುಂದಕ್ಕೆ ನೂಕಲ್ಪಡುವುದು. 1992ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ, ಶಿಕ್ಷಣ ಪಡೆದ ಡಾಲ್ಫಿನ್ನುಗಳ ಹೃದಯದ ಬಡಿತವನ್ನೂ ಉಸಿರಾಟವನ್ನೂ ಅಳೆದು ನೋಡಿದಾಗ, ದೋಣಿಯ ಅಲೆಯನ್ನೇರಿ ವೇಗವಾಗಿ ಸಾಗುವಾಗ ಅವುಗಳಿಗೆ ಆಗುವ ಶ್ರಮವು, ತಾವಾಗಿ ನಿಧಾನವಾಗಿ ಈಜುವಾಗಿನ ಶ್ರಮಕ್ಕಿಂತ ಹೆಚ್ಚಲ್ಲವೆಂದು ಕಂಡುಬಂದಿತು. ಹಾಗಾದರೆ ಗಾಡಿಯ ಹಿಂದೆ ಜೋತು ಬೀಳುವ ಹುಡುಗನಂತೆ ಇವೂ ಪುಕ್ಕಟೆ ಪ್ರಯಾಣಿಕರು ಮಾತ್ರವೆಂದು ಹೇಳಿ ವಿಷಯವನ್ನು ಮುಗಿಸಬಹುದಲ್ಲವೆ?

ಮುಗಿಸಲಾಗದು. ಏಕೆಂದರೆ, ಶ್ರಮವನ್ನು ಉಳಿಸಲು ವಾಹನವನ್ನು ಏರುವವನಿಗೆ ತಲಪಬೇಕಾದ ಒಂದು ಊರು ಇರಬೇಕು. ಡಾಲ್ಫಿನ್ನಾದರೋ ತಾನು ಹೋಗುತ್ತಿದ್ದ ದಿಕ್ಕನ್ನು ಬಿಟ್ಟು, ನೌಕೆಯು ಹೋಗುವ ದಿಕ್ಕಿಗೆ ತಿರುಗಿ, ಸ್ವಲ್ಪ ದೂರ ಬಂದು, ಮತ್ತೆ ಹಿಂದಿರುಗುವುದು. ದಡದಲ್ಲಿ ಮುರಿದು ಬೀಳುವ ತೆರೆಗಳ ಮೇಲೆ ಅದು ಜಾರಿ ಬಂದು, ಬಂದಷ್ಟೇ ದೂರವನ್ನು ಸ್ವಂತ ಶಕ್ತಿಯಿಂದ ಈಜಿ ಹಿಂದಿರುಗಿ, ಇನ್ನೊಂದು ತೆರೆಯನ್ನು ಏರುವುದೂ ಉಂಟು. ದೊಡ್ಡ ತಿಮಿಂಗಿಲಗಳ ತಲೆಯ ಮುಂದೆ ಏಳುವ ಅಲೆಯಲ್ಲಿಯೂ ಅದು ಹೀಗೆಯೇ ಆಡುವುದು. ಆದುದರಿಂದ ಮನುಷ್ಯನು ಹಡಗನ್ನು ಕಟ್ಟುವ ಮೊದಲೇ ಈ ವಿದ್ಯೆಯು ಅದಕ್ಕೆ ತಿಳಿದಿದ್ದಿತೆಂದು ಊಹಿಸುವುದು ತಪ್ಪಾಗಲಾರದು. ಅಲೆಯ ಒತ್ತಡವು ಆಟವು ಹೇಗೆ ಸಾಧ್ಯವಾಯಿತೆಂಬುದನ್ನು ಹೇಳುತ್ತದೆ. ಏತಕ್ಕೆ ನಡೆಯಿತೆಂಬುದನ್ನು ಹೇಳುವುದಿಲ್ಲ. ಹಗ್ಗದ ಬಲವನ್ನು ಅಳೆದ ಮಾತ್ರಕ್ಕೆ ಉಯ್ಯಾಲೆಯಲ್ಲಿ ಕುಳಿತ ಮಗುವಿನ ಸಂತೋಷವು ವಿವರಿಸಲ್ಪಡುವುದಿಲ್ಲ.

ಪ್ರಯೋಜನವನ್ನು ಅಪೇಕ್ಷಿಸದ ಈ ಬಗೆಯ ಪ್ರವೃತ್ತಿಗೆ ಭಾರತೀಯ ತತ್ತ್ವಶಾಸ್ತ್ರದಲ್ಲಿ ಲೀಲೆಯೆಂದು ಹೆಸರು. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ, ಯಾವ ಕೊರತೆಯೂ ಇಲ್ಲದ ಬ್ರಹ್ಮವು ಜಗತ್ತನ್ನು ಏಕೆ ಸೃಷ್ಟಿಸಿತೆಂಬ ಆಕ್ಷೇಪಕ್ಕೆ ಬಾದರಾಯಣರು ಈ ಒಂದು ಶಬ್ದದಿಂದಲೇ ಉತ್ತರವನ್ನು ಕೊಟ್ಟಿರುತ್ತಾರೆ. ಅದನ್ನು ವ್ಯಾಖ್ಯಾನಿಸುವಾಗ ಶಂಕರಾಚಾರ್ಯರು ಎರಡು ದೃಷ್ಟಾಂತಗಳನ್ನು ಕೊಡುತ್ತಾರೆ. ಬಯಕೆಗಳೆಲ್ಲವೂ ಈಡೇರಿದ ಅರಸನು ವಿಹಾರದಲ್ಲಿ ತೊಡಗುವುದು ಒಂದು. ಯಾವ ಬಾಹ್ಯ ಉದ್ದೇಶವೂ ಇಲ್ಲದೆ ಉಸಿರು ತಾನಾಗಿ ಒಳಗೂ ಹೊರಗೂ ಆಡುವುದು ಇನ್ನೊಂದು.

ಈ ದೃಷ್ಟಾಂತಗಳನ್ನು ಡಾಲ್ಫಿನ್ನಿನ ಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ವಿಶೇಷವು ಗೋಚರವಾಗುವುದು. ಡಾಲ್ಫಿನ್ನು ಮೀನಲ್ಲ, ಅದು ಉಸಿರಾಡುವ, ಮರಿಗೆ ಹಾಲೂಡುವ ಪ್ರಾಣಿಯೆಂಬುದನ್ನು ಸುಮಾರು 2300 ವರ್ಷಗಳ ಹಿಂದೆಯೇ ಗ್ರೀಸಿನ ಅರಿಸ್ಟಾಟಲನು ಬರೆದಿಟ್ಟಿದ್ದಾನೆ. ಆದರೆ ಮನುಷ್ಯನಿಗೆ ಉಸಿರು ತಾನಾಗಿ ಆಡುವಂತೆ ಅದಕ್ಕೆ ಆಡದು. ಪ್ರತಿಯೊಂದು ಉಸಿರಿಗೂ ಅದು ನೀರಿನ ಮೇಲಕ್ಕೆ ಬಂದು ನೆತ್ತಿಯ ರಂಧ್ರವನ್ನು ತೆರೆಯಬೇಕು. ಈ ಎಚ್ಚರವು ತಪ್ಪಬಾರದೆಂದೇ ಅದರ ಮಿದುಳಿನ ಒಂದು ಅರ್ಧವು ನಿದ್ರಿಸುವಾಗ ಇನ್ನೊಂದು ಅರ್ಧವು ಎಚ್ಚರವಾಗಿರುವುದು. ಬಯಕೆಗಳೆಲ್ಲ ಈಡೇರಿದ ಅರಸನ ಸ್ಥಿತಿಯೂ ಅದರದಲ್ಲ. ಹಸಿವು ಅದಕ್ಕೆ ದಿನವೂ ಉಂಟು, ಶಾರ್ಕಿನ ಭಯವುಂಟು, ಎಳೆಯ ಮರಿಯನ್ನು ಕಾಯುವ ಹೊಣೆಯುಂಟು. ಹೀಗಿದ್ದರೂ ಅದು ಆಡುವುದು. ಮನುಷ್ಯನಿಗೆ ಶ್ರಮವಿಲ್ಲದೆ ದೊರೆಯುವ ಉಸಿರು ಅದಕ್ಕೆ ಕರ್ತವ್ಯ. ಮನುಷ್ಯನು ಮುಪ್ಪಿನವರೆಗೆ ಮುಂದೂಡುವ ಆಟವು ಅದಕ್ಕೆ ಸಹಜ.

ನೋಡುವವನ ಸಂತೋಷದ ಮೂಲವು ಇಲ್ಲಿರುವಂತೆ ತೋರುವುದು. ಸಾಲವು ತೀರಲಿ, ಮಗಳ ಮದುವೆಯು ಆಗಲಿ, ಕೆಲಸದಿಂದ ನಿವೃತ್ತಿಯು ದೊರೆಯಲಿ, ಆಮೇಲೆ ನಿಶ್ಚಿಂತೆಯಿಂದ ಇರೋಣವೆಂದು ಮನುಷ್ಯನು ಸಂತೋಷವನ್ನು ಕರ್ತವ್ಯಗಳ ಸಾಲಿನ ಕೊನೆಯಲ್ಲಿ ನಿಲ್ಲಿಸಿರುತ್ತಾನೆ. ಆ ಸಾಲು ಕೊನೆಗಾಣುವುದು ಅಪರೂಪ. ಕರ್ತವ್ಯಗಳು ಮುಗಿಯದೆ ಇರುವಾಗಲೂ, ಅಪಾಯಗಳು ಸುತ್ತಲಿರುವಾಗಲೂ, ಒಂದು ಜೀವವು ಕೆಲವು ನಿಮಿಷಗಳ ಮಟ್ಟಿಗೆ ಯಾವುದಕ್ಕೂ ಅಲ್ಲದೆ ಇರಬಲ್ಲದೆಂಬುದನ್ನು ಅವನು ಆ ಕಟಕಟೆಯ ಬಳಿಯಲ್ಲಿ ಕಣ್ಣಾರೆ ಕಾಣುತ್ತಾನೆ. ಅದನ್ನು ಮಾತಿನಲ್ಲಿ ಹೇಳಲು ಅವನು ಅರಿಯನು. ಆದರೆ ಮುಖವು ಅರಳುವುದು.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯವಾಗಿದೆ. ಡಾಲ್ಫಿನ್ನಿನ ಮುಖದಲ್ಲಿ ಸದಾ ತೋರುವ ಮುಗುಳುನಗೆಯು ನಗೆಯಲ್ಲ. ಅದು ದವಡೆಯ ಆಕಾರ. ದುಃಖದಲ್ಲಿಯೂ ರೋಗದಲ್ಲಿಯೂ ಸತ್ತ ಮೇಲೆಯೂ ಆ ನಗೆಯು ಹಾಗೆಯೇ ಇರುವುದು. ಅದು ಸಾಧುಪ್ರಾಣಿಯೆಂಬ ಭಾವನೆಯೂ ಪೂರ್ತಿಯಾಗಿ ನಿಲ್ಲುವುದಿಲ್ಲ. ಸ್ಕಾಟ್ಲೆಂಡಿನ ಮೋರೆ ಕೊಲ್ಲಿಯಲ್ಲಿ ಡಾಲ್ಫಿನ್ನುಗಳು ತಮಗಿಂತ ಚಿಕ್ಕವಾದ ಪಾರ್ಪಾಯಿಸ್ ಎಂಬ ಪ್ರಾಣಿಗಳನ್ನು, ತಿನ್ನುವುದಕ್ಕೂ ಅಲ್ಲದೆ, ಹೊಡೆದು ಕೊಲ್ಲುವುದನ್ನು 1990ರ ದಶಕದಲ್ಲಿ ಶೋಧಕರು ಕಂಡುಕೊಂಡರು. ಆದುದರಿಂದ ಅದು ಮನುಷ್ಯನ ಮಿತ್ರನೆಂದೋ ಸದ್ಗುಣಿಯೆಂದೋ ಗೌರವಿಸಹೊರಟರೆ ಆ ಗೌರವವು ಒಂದು ದಿನ ಮುರಿದು ಬೀಳುವುದು. ಗೌರವಕ್ಕೆ ಬೇರೆ ಆಧಾರವು ಬೇಕು. ಆ ಆಧಾರವೇನೆಂದರೆ, ಅದು ತಾನಾಗಿ ಬಂದಿತೆಂಬುದೂ, ಬಾರದೆ ಇರಬಹುದಾಗಿತ್ತೆಂಬುದೂ.

ಆದರೆ ಆಟವನ್ನು ಆಟವಾಗಿಯೇ ಬಿಡುವುದು ಮನುಷ್ಯನಿಗೆ ಕಷ್ಟ. ಇದಕ್ಕೆ ನ್ಯೂಜಿಲೆಂಡಿನ 'ಪೆಲೋರಸ್ ಜಾಕ್' ಎಂಬ ಡಾಲ್ಫಿನ್ನಿನ ವೃತ್ತಾಂತವು ಒಳ್ಳೆಯ ನಿದರ್ಶನ. 1888ರಿಂದ 1912ರ ವರೆಗೆ, ವೆಲಿಂಗ್ಟನ್ ಮತ್ತು ನೆಲ್ಸನ್ ಪಟ್ಟಣಗಳ ನಡುವೆ ಓಡಾಡುವ ಹೊಗೆಹಡಗುಗಳನ್ನು ಅದು ಪೆಲೋರಸ್ ಖಾರಿಯ ಬಾಯಿಯ ಬಳಿಯಲ್ಲಿ ಎದುರುಗೊಂಡು, ಫ್ರೆಂಚ್ ಪಾಸ್ ಎಂಬ ಇಕ್ಕಟ್ಟಾದ ಜಲಮಾರ್ಗದ ಕಡೆಗೆ ಜೊತೆಯಲ್ಲಿ ಈಜುತ್ತಿತ್ತು. ಅಪಾಯಕರವಾದ ಆ ಮಾರ್ಗದಲ್ಲಿ ಅದು ಹಡಗುಗಳಿಗೆ ದಾರಿ ತೋರಿಸುತ್ತದೆಂದು ಜನರು ಹೇಳಿದರು, ಪತ್ರಿಕೆಗಳೂ ಬರೆದವು. ವಾಸ್ತವವಾಗಿ ಅದು ಆ ಇಕ್ಕಟ್ಟಿನೊಳಕ್ಕೆ ಹೋಗುತ್ತಲೇ ಇರಲಿಲ್ಲ; ಬಾಯಿಯವರೆಗೆ ಆಡುತ್ತ ಬಂದು ಹಿಂದಿರುಗುತ್ತಿತ್ತು. ಆಡುವ ಪ್ರಾಣಿಯನ್ನು ಜನರು ಸೇವಕನನ್ನಾಗಿ ಮಾಡಿಕೊಂಡರು. ತನಗಾಗಿಯಲ್ಲದೆ ಏನಾದರೂ ನಡೆಯಬಲ್ಲದೆಂಬುದನ್ನು ಮನುಷ್ಯನ ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ಆದರೂ ಆ ಜನರಿಗೆ ಸಲ್ಲಬೇಕಾದ ಶ್ಲಾಘನೆಯು ಸಲ್ಲಲೇಬೇಕು. 1904ರಲ್ಲಿ ಅಲ್ಲಿಯ ಸರಕಾರವು ಕುಕ್ ಜಲಸಂಧಿಯಲ್ಲಿ ಆ ಜಾತಿಯ ಡಾಲ್ಫಿನ್ನನ್ನು ಹಿಡಿಯಬಾರದು, ಹಿಂಸಿಸಬಾರದು ಎಂದು ಆಜ್ಞೆಯನ್ನು ಹೊರಡಿಸಿತು. ಒಂದೇ ಒಂದು ಪ್ರಾಣಿಯನ್ನು ಉದ್ದೇಶಿಸಿ ಹೊರಟ ಆಜ್ಞೆಯದು. ಭಾರತದಲ್ಲಿಯಾದರೋ ಅಶೋಕ ಚಕ್ರವರ್ತಿಯು ತನ್ನ ಪಟ್ಟಾಭಿಷೇಕದ 26 ವರ್ಷಗಳ ತರುವಾಯ ಬರೆಸಿದ ಐದನೆಯ ಸ್ತಂಭಶಾಸನದಲ್ಲಿ ಅವಧ್ಯವೆಂದು ಹೆಸರಿಸಿದ ಪ್ರಾಣಿಗಳ ನಡುವೆ ಗಂಗಾನದಿಯ ಡಾಲ್ಫಿನ್ನೂ ಇರುವುದೆಂಬುದು ಅನೇಕ ವಿದ್ವಾಂಸರ ಮತ. 2009ರಲ್ಲಿ ಭಾರತ ಸರಕಾರವು ಅದೇ ಪ್ರಾಣಿಯನ್ನು ರಾಷ್ಟ್ರೀಯ ಜಲಚರವೆಂದು ಸಾರಿತು.

ಹಿಂಸೆಯನ್ನು ಆಜ್ಞೆಯಿಂದ ತಡೆಯಬಹುದು. ಪ್ರೀತಿಯಿಂದ ಆಗುವ ಹಾನಿಯನ್ನು ತಡೆಯುವ ಬಗೆ ಯಾವುದು? ರೋಮಿನ ಕಿರಿಯ ಪ್ಲಿನಿಯು ತನ್ನ ಒಂದು ಪತ್ರದಲ್ಲಿ ಬರೆದಿರುವ ವೃತ್ತಾಂತವು ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಮುಂದಿಡುತ್ತದೆ. ಇಂದಿನ ಟ್ಯುನೀಷಿಯಾ ದೇಶದ ಕರಾವಳಿಯಲ್ಲಿದ್ದ ಹಿಪ್ಪೋ ಎಂಬ ಊರಿನಲ್ಲಿ ಹುಡುಗರು ಪಂದ್ಯ ಕಟ್ಟಿ ಈಜುತ್ತಿದ್ದಾಗ, ಎಲ್ಲರಿಗಿಂತ ದೂರ ಹೋದ ಒಬ್ಬ ಹುಡುಗನ ಬಳಿಗೆ ಒಂದು ಡಾಲ್ಫಿನ್ನು ಬಂದು, ಅವನನ್ನು ಬೆನ್ನ ಮೇಲೆ ಹೊತ್ತು ದಡಕ್ಕೆ ತಂದಿತು. ಮರುದಿನವೂ ಅದು ಬಂದಿತು, ದಿನದಿನವೂ ಬಂದಿತು. ಸುದ್ದಿಯು ಹರಡಿತು. ದಡಕ್ಕೆ ಬಂದ ಅದರ ಮೈಮೇಲೆ ಒಬ್ಬ ಅಧಿಕಾರಿಯು ಭಕ್ತಿಯಿಂದ ಸುಗಂಧ ತೈಲವನ್ನು ಸುರಿದನು. ಆ ವಾಸನೆಗೆ ಬೆದರಿ ಅದು ಆಳಕ್ಕೆ ಓಡಿಹೋಗಿ, ಬಹು ದಿನಗಳ ಮೇಲೆ ಸೊರಗಿದ ಸ್ಥಿತಿಯಲ್ಲಿ ಕಂಡಿತು. ಮತ್ತೆ ಚೇತರಿಸಿಕೊಂಡು ಆಟಕ್ಕೆ ಬಂದಿತು. ಅದನ್ನು ನೋಡಲು ಪ್ರಾಂತದ ಅಧಿಕಾರಿಗಳೆಲ್ಲರೂ ಬರತೊಡಗಿದರು. ಅವರ ಉಪಚಾರದ ವೆಚ್ಚವನ್ನು ಆ ಚಿಕ್ಕ ಊರು ಹೊರಲಾರದೆ ಹೋಯಿತು. ಊರಿನ ಶಾಂತಿಯೂ ಕೆಟ್ಟಿತು. ಕೊನೆಗೆ ಡಾಲ್ಫಿನ್ನನ್ನು ಗುಟ್ಟಾಗಿ ಕೊಂದುಬಿಡಬೇಕೆಂದು ನಿಶ್ಚಯಿಸಿ ಹಾಗೆಯೇ ಮಾಡಿದರು.

ಈ ಕಥೆಯಲ್ಲಿ ದುಷ್ಟನು ಯಾರು? ಹುಡುಗನಲ್ಲ. ತೈಲವನ್ನು ಸುರಿದವನು ಭಕ್ತ, ನೋಡಲು ಬಂದವರು ಕುತೂಹಲಿಗಳು, ಊರಿನವರು ಬಡವರು. ಪ್ರತಿಯೊಬ್ಬನೂ ತನ್ನ ಪಾಲಿನ ಸಣ್ಣ ಸಂತೋಷವನ್ನು ಮಾತ್ರ ಬಯಸಿದನು. ಆ ಸಣ್ಣ ಸಣ್ಣ ಬಯಕೆಗಳೆಲ್ಲ ಸೇರಿ ಒಂದು ಮರಣವಾಯಿತು. ಎಲ್ಲರೂ ಒಂದು ವಿಷಯದಲ್ಲಿ ಮಾತ್ರ ತಪ್ಪಿದರು. ತಾನಾಗಿ ಬಂದುದನ್ನು ಅವರು ಬರಲೇಬೇಕಾದುದೆಂದು ಎಣಿಸಿದರು. ದಾನವನ್ನು ಎರಡನೆಯ ದಿನ ವಾಡಿಕೆಯೆಂದೂ ಮೂರನೆಯ ದಿನ ಹಕ್ಕೆಂದೂ ತಿಳಿಯುವುದು ಮನುಷ್ಯಸ್ವಭಾವದ ಹಳೆಯ ರೋಗ.

ಆ ರೋಗವು ಬಲಿತರೆ ಏನಾಗುವುದೆಂಬುದನ್ನು ಇಪ್ಪತ್ತನೆಯ ಶತಮಾನವು ತೋರಿಸಿತು. ಡಾಲ್ಫಿನ್ನಿನ ಆಟಕ್ಕಾಗಿ ಕಡಲಿನಲ್ಲಿ ಕಾಯುವ ಬದಲು ಅದನ್ನು ಹಿಡಿದು ತಂದು ತೊಟ್ಟಿಯಲ್ಲಿಟ್ಟು, ಗೊತ್ತಾದ ವೇಳೆಗೆ ಕುಣಿಸಿ, ಚೀಟಿಯನ್ನು ಮಾರುವ ಪ್ರದರ್ಶನಶಾಲೆಗಳು ಅನೇಕ ದೇಶಗಳಲ್ಲಿ ಹುಟ್ಟಿಕೊಂಡವು. ಅಮೇರಿಕದ ಫ್ಲಾರಿಡಾದಲ್ಲಿ 1938ರಲ್ಲಿ ಪ್ರಾರಂಭವಾದ ಜಲಾಗಾರವು ಅವುಗಳಲ್ಲಿ ಮೊದಮೊದಲಿನದು. ಅಲ್ಲಿಯೂ ಪ್ರಾಣಿಯು ಚಿಮ್ಮುವುದು. ಅಲ್ಲಿಯೂ ಜನರು ಚಪ್ಪಾಳೆ ತಟ್ಟುವರು. ನೆಗೆತವು ಒಂದೇ ಆದರೂ ಅರ್ಥವು ಒಂದೇ ಅಲ್ಲ. ಕಡಲಿನ ನೆಗೆತದ ಹಿಂದೆ ಹೊರಟುಹೋಗುವ ಸ್ವಾತಂತ್ರ್ಯವಿದೆ. ತೊಟ್ಟಿಯ ನೆಗೆತದ ಹಿಂದೆ ಮೀನಿನ ತುಂಡು ಇದೆ. ದವಡೆಯ ನಗೆಯು ಮಾತ್ರ ಎರಡು ಕಡೆಯಲ್ಲಿಯೂ ಒಂದೇ ಆಗಿರುವುದರಿಂದ ನೋಡುವವನು ಮೋಸಹೋಗುವನು. 2013ರಲ್ಲಿ ಭಾರತ ಸರಕಾರದ ಪರಿಸರ ಮತ್ತು ಅರಣ್ಯ ಸಚಿವಾಲಯವು ಇಂಥ ಶಾಲೆಗಳಿಗೆ ಅನುಮತಿಯನ್ನು ಕೊಡಕೂಡದೆಂದು ರಾಜ್ಯಗಳಿಗೆ ತಿಳಿಸಿದುದು ಈ ದೇಶಕ್ಕೆ ಭೂಷಣವಾದ ಕಾರ್ಯ.

ತೊಟ್ಟಿಯನ್ನು ಕಟ್ಟದೆಯೂ ಹಕ್ಕನ್ನು ಸಾಧಿಸುವ ಮಾರ್ಗವೊಂದುಂಟು. ಅದು ಬೆನ್ನಟ್ಟುವುದು. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಎಂಬಲ್ಲಿ, ಡಾಲ್ಫಿನ್ನುಗಳನ್ನು ತೋರಿಸಲು ನೌಕೆಯನ್ನು ನಡೆಸುವವರು ಒಬ್ಬರಿಂದ ಇಬ್ಬರಾದ ಮೇಲೆ, ಆ ಜಾಗದಲ್ಲಿ ಅವುಗಳ ಸಂಖ್ಯೆಯು ಸುಮಾರು ಏಳರಲ್ಲಿ ಒಂದು ಪಾಲು ಕಡಮೆಯಾಯಿತೆಂದು 2006ರಲ್ಲಿ ಪ್ರಕಟವಾದ ಶೋಧವು ತಿಳಿಸಿತು. ಸಹಿಸಲಾರದವು ಹೊರಟುಹೋದುವು, ಸಹಿಸಬಲ್ಲವು ಉಳಿದುವು ಎಂಬುದು ಶೋಧಕರ ಅಭಿಪ್ರಾಯ. ಉಳಿದವುಗಳನ್ನು ನೋಡಿದ ಯಾತ್ರಿಕನು, ಇವುಗಳಿಗೆ ನೌಕೆಯಿಂದ ತೊಂದರೆಯೇ ಇಲ್ಲವೆಂದು ತಿಳಿದು ಸಮಾಧಾನಗೊಳ್ಳುವನು. ಹೊರಟುಹೋದವುಗಳ ಸಾಕ್ಷ್ಯವನ್ನು ಕೇಳುವವರಾರು?

ಈ ವಿಚಾರವು ಕನ್ನಡನಾಡಿನ ಕರಾವಳಿಗೂ ನೇರವಾಗಿ ಸಂಬಂಧಪಟ್ಟಿದೆ. ಕಾರವಾರದಲ್ಲಿ ಕಾಳೀನದಿಯು ಕಡಲನ್ನು ಸೇರುವ ಅಳಿವೆಯ ಸುತ್ತಲೂ, ಗೋಕರ್ಣದ ಮುಂದಿನ ಸಮುದ್ರದಲ್ಲಿಯೂ, ಬೆನ್ನಿನಲ್ಲಿ ಗೂನುಳ್ಳ ಒಂದು ಜಾತಿಯ ಡಾಲ್ಫಿನ್ನುಗಳು ವಾಸಿಸುತ್ತವೆ. ಅವುಗಳನ್ನು ತೋರಿಸಲು ದೋಣಿಗಳೂ ಹೊರಡುತ್ತವೆ. ಈ ಜಾತಿಯ ಸ್ವಭಾವವು ನಾವಿಕರ ಕಥೆಗಳಲ್ಲಿ ಬರುವ ಡಾಲ್ಫಿನ್ನುಗಳಿಗಿಂತ ಬೇರೆ. ಇವು ದಡಕ್ಕೆ ಸಮೀಪದ ಆಳವಿಲ್ಲದ ನೀರಿನಲ್ಲಿ ಚಿಕ್ಕ ಗುಂಪುಗಳಾಗಿ ಮೀನನ್ನು ಅರಸುತ್ತ ಇರುವುವು. ದೋಣಿಯ ಮುಂದಿನ ಅಲೆಯನ್ನೇರಿ ಆಡುವುದು ಇವುಗಳಲ್ಲಿ ಅಪರೂಪ. ಬಹುಮಟ್ಟಿಗೆ ದೋಣಿಯಿಂದ ದೂರ ಸರಿಯುವುದೇ ಇವುಗಳ ವಾಡಿಕೆ. ಹೀಗಿರಲು, ಚಿತ್ರಗಳಲ್ಲಿ ಕಂಡ ನೆಗೆತವನ್ನು ಅಪೇಕ್ಷಿಸಿ ಬಂದ ಯಾತ್ರಿಕನು "ಇನ್ನೂ ಹತ್ತಿರ, ಇನ್ನೂ ಹತ್ತಿರ" ಎಂದು ಒತ್ತಾಯಿಸಿದರೆ, ಅಂಬಿಗನು ಅವುಗಳ ದಾರಿಗೆ ಅಡ್ಡವಾಗಿ ಯಂತ್ರವನ್ನು ಓಡಿಸಬೇಕಾಗುವುದು. ಆಗ ಕಾಣುವುದು ಆಟವಲ್ಲ, ಪಲಾಯನ. ಎರಡನ್ನೂ ಒಂದೇ ಎಂದು ತಿಳಿದು ಚಪ್ಪಾಳೆ ತಟ್ಟುವುದಕ್ಕಿಂತ ದೊಡ್ಡ ಅಜ್ಞಾನವು ಬೇರೊಂದಿಲ್ಲ.

ಇಲ್ಲಿ ಅಂಬಿಗನ ಪರವಾಗಿ ಒಂದು ಮಾತು ಏಳುವುದು, ಮತ್ತು ಅದು ನ್ಯಾಯವಾದ ಮಾತು. ದೋಣಿಯ ಸಾಲವೂ ಎಣ್ಣೆಯ ಬೆಲೆಯೂ ಅವನ ತಲೆಯ ಮೇಲಿವೆ. ಮೀನುಗಾರಿಕೆಯು ನಡೆಯದ ದಿನ ಯಾತ್ರಿಕರ ಹಣವೇ ಅವನ ಮನೆಯ ಅನ್ನ. ಡಾಲ್ಫಿನ್ನನ್ನು ತೋರಿಸದೆ ಹಿಂದಿರುಗಿದರೆ ಅವರು ಹಣಕ್ಕೆ ತಕರಾರು ಮಾಡುವರು. ಧರ್ಮವನ್ನು ಬೋಧಿಸುವವರು ಅವನ ಹಸಿವನ್ನು ಮರೆತು ಬೋಧಿಸಿದರೆ ಆ ಬೋಧೆಯು ಟೊಳ್ಳು. ಇದಕ್ಕೆ ಸಮಾಧಾನವೇನೆಂದರೆ, ತಪ್ಪು ಅಂಬಿಗನಲ್ಲಿರುವುದಕ್ಕಿಂತ ಹೆಚ್ಚಾಗಿ ಒಪ್ಪಂದದಲ್ಲಿದೆ. ಯಾತ್ರಿಕನು ಡಾಲ್ಫಿನ್ನನ್ನು ಕೊಂಡುಕೊಂಡೆನೆಂದು ತಿಳಿದಿರುವನು. ಅವನು ಕೊಂಡುಕೊಂಡದ್ದು ದೋಣಿಯ ಪ್ರಯಾಣವನ್ನು ಮಾತ್ರ. ಡಾಲ್ಫಿನ್ನನ್ನು ಮಾರುವ ಅಧಿಕಾರವು ಯಾರಿಗೂ ಇಲ್ಲ. ಈ ಒಂದು ಮಾತನ್ನು ಹೊರಡುವ ಮೊದಲೇ ಸ್ಪಷ್ಟಪಡಿಸಿ, ಕಾಣದ ದಿನವೂ ಕಂಡ ದಿನದಷ್ಟೇ ಹಣವನ್ನು ಸಂತೋಷದಿಂದ ಕೊಡುವ ಯಾತ್ರಿಕನು ಅಂಬಿಗನನ್ನೂ ಪ್ರಾಣಿಯನ್ನೂ ಏಕಕಾಲದಲ್ಲಿ ಬಿಡುಗಡೆಮಾಡಿದಂತಾಗುವುದು. ಆಗ ಅಂಬಿಗನು ವೇಗವನ್ನು ತಗ್ಗಿಸಬಲ್ಲನು. ಗುಂಪಿನ ನಡುವೆ ನುಗ್ಗದೆ ಪಕ್ಕದಲ್ಲಿ ದೂರವಾಗಿ ಸಾಗಬಲ್ಲನು. ಮರಿಯಿರುವ ತಾಯನ್ನು ಕಂಡರೆ ದೋಣಿಯನ್ನು ತಿರುಗಿಸಬಲ್ಲನು. ಡಾಲ್ಫಿನ್ನುಗಳ ಹೆಚ್ಚಿನ ಮರಣವು ಬಲೆಗಳಲ್ಲಿ ಸಿಕ್ಕಿಕೊಳ್ಳುವುದರಿಂದ ಆಗುತ್ತಿರುವುದು ನಿಜ. ಅದು ಬೇರೊಂದು ದೊಡ್ಡ ವಿಚಾರ. ಆದರೆ ಹೊಟ್ಟೆಗಾಗಿ ಬಲೆಯನ್ನು ಬೀಸುವವನಿಗೆ ಉಪದೇಶಿಸುವ ಮುನ್ನ, ಕೇವಲ ಸಂತೋಷಕ್ಕಾಗಿ ಹೊರಟವನು ತನ್ನ ಸಂತೋಷವನ್ನು ಶುದ್ಧಪಡಿಸಿಕೊಳ್ಳುವುದು ಯುಕ್ತ.

ಇಷ್ಟರಿಂದ ಎರಡನೆಯ ಪ್ರಶ್ನೆಗೆ ಉತ್ತರವು ಸಿದ್ಧವಾಗುತ್ತದೆ. ಋಣವು ಉಂಟು. ಆದರೆ ಅದು ಮರಳಿ ಏನನ್ನಾದರೂ ಕೊಡುವುದರಿಂದ ತೀರುವ ಋಣವಲ್ಲ. ಸುಗಂಧ ತೈಲವು ಅದಕ್ಕೆ ಬೇಡ, ತಿಂಡಿಯೂ ಬೇಡ, ಹೆಸರೂ ಬೇಡ. ಕೇಳದಿರುವುದರಿಂದಲೇ ಅದು ತೀರುವುದು. ಬಂದರೆ ನೋಡುವುದು, ಹೋದರೆ ಹೋಗಗೊಡುವುದು, ಬಾರದಿದ್ದರೆ ಕಡಲನ್ನೇ ನೋಡಿ ಹಿಂದಿರುಗುವುದು: ಇಷ್ಟೇ ಅದರ ವಿಧಿ. ಹೇಳಲು ಸುಲಭವಾದ ಇದು ಆಚರಣೆಯಲ್ಲಿ ಕಠಿನ. ಪ್ರೀತಿಸಿದುದನ್ನು ಹಿಡಿದಿಟ್ಟುಕೊಳ್ಳದೆ ಪ್ರೀತಿಸುವುದು ಮಕ್ಕಳ ವಿಷಯದಲ್ಲಿಯೂ ಮಿತ್ರರ ವಿಷಯದಲ್ಲಿಯೂ ಎಷ್ಟು ಜನರಿಗೆ ಸಾಧ್ಯವಾಗಿದೆ?

ಮುನ್ಸೂಚನೆಯಿಲ್ಲದೆ, ತಿಥಿಯನ್ನು ಗೊತ್ತುಮಾಡದೆ ಬರುವವನನ್ನು ಅತಿಥಿಯೆನ್ನುವುದು ವಾಡಿಕೆ. ಡಾಲ್ಫಿನ್ನನ್ನು ಹಡಗಿನ ಅತಿಥಿಯೆಂದು ಕರೆಯಲು ಮನಸ್ಸು ಒಲಿಯುವುದು. ಆದರೆ ಸ್ವಲ್ಪ ಯೋಚಿಸಿದರೆ ಸಂಬಂಧವು ತಿರುವುಮುರುವಾಗಿ ಕಾಣುವುದು. ಕಡಲು ಡಾಲ್ಫಿನ್ನಿನ ಮನೆ. ಹೇಳದೆ ಕೇಳದೆ ಅಲ್ಲಿಗೆ ಬಂದವನು ಮನುಷ್ಯನು. ಮನೆಯವರು ತಾವಾಗಿ ಬಾಗಿಲಿಗೆ ಬಂದು ನಾಲ್ಕು ಹೆಜ್ಜೆ ಜೊತೆಗೆ ನಡೆದರೆ ಅದು ಅವರ ಸೌಜನ್ಯ. ಒಳಗಿನಿಂದ ಯಾರೂ ಬಾರದಿದ್ದರೆ, ಬಾಗಿಲನ್ನು ಬಡಿಯದೆ ಮೆಲ್ಲನೆ ಮುಂದಕ್ಕೆ ಸಾಗುವುದು ಬಂದವನ ಧರ್ಮ.